ರೇಡಿಯೋ ಅಕ್ಕನ ಕೆಮ್ಮು

ಮತ್ತೆ ಅಲುಗಿತು ಕುರ್ಚಿ, ಸಾಲಿನ ಆ ತುದಿಯಲ್ಲಿ ಯಾರೋ ಕೆಮ್ಮಿದ್ದಾರೆ, ಎಲ್ಲ ಕುರ್ಚಿಗಳನ್ನೂ ಒಂದೇ ಕಬ್ಬಿಣದ ಪಟ್ಟಿಗೆ ಬಿಗಿದಿರುವುದರಿಂದ ಒಬ್ಬರ ಕೆಮ್ಮು ಎಲ್ಲರ ಬೆನ್ನಿಗೂ ಬಂದು ತಾಕುತ್ತದೆ, ನನ್ನದೂ ಹೀಗೇ ಹೋಗಿ ಅವರಿಗೆ ತಾಕುತ್ತಿರಬೇಕು, ಬರಬಾರದು, ಈಗ ಬರಬಾರದು, ಎಂಜಲು ನುಂಗು, ಮೂಗಿನಿಂದ ಮೆಲ್ಲಗೆ ಉಸಿರೆಳೆದುಕೋ — ಇದನ್ನೂ ನಾನೇ ಹೇಳಿಕೊಟ್ಟದ್ದು, ಕೆಮ್ಮು ಒತ್ತರಿಸಿ ಬಂದಾಗ ಗಾಬರಿ ಬೇಡ ಎಂದು ಮೈಕಿನ ಮುಂದೆ ಕೂತು, ಅವಸರವೇ ಇಲ್ಲದ ಆ ದನಿಯಲ್ಲಿ, ದಿನಾ ಬೆಳಿಗ್ಗೆ ವಾರ್ತೆ ಮುಗಿದ ಮೇಲೆ, ಕೇಳುತ್ತಿದ್ದೀರಿ ಹಿತ್ತಿಲ ಮದ್ದು. ಹಿತ್ತಿಲ ಗಿಡ ಮದ್ದಲ್ಲ ಅಂತಾರೆ, ಆದರೆ ನಿಮ್ಮ ಅಕ್ಕ ಹಾಗನ್ನಲ್ಲ — ಅದು ನನ್ನ ಆರಂಭದ ಸಾಲು, ಊರಿಗೆಲ್ಲ ಬಾಯಿಪಾಠ, ಮಕ್ಕಳು ಅಣಕಿಸುತ್ತವೆ. ಆ ದನಿ ಈಗ ಮಾಸ್ಕಿನೊಳಗೆ ಬಾಯಿ ಮುಚ್ಚಿಕೊಂಡು ಕೂತಿದೆ. ತಲೆಗೆ ಸ್ಕಾರ್ಫ್ ಬೇರೆ, ಯಾರಿಗೆ ಗೊತ್ತು ನನ್ನ ಮುಖ, ರೇಡಿಯೋದವಳಿಗೆ ಮುಖ ಎಲ್ಲಿದೆ, ಆದರೂ ಕಟ್ಟಿಕೊಂಡೆ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡವನ ಜಾತಿ ನನ್ನದು. ಮನೆ ಹತ್ತಿರದ ಕ್ಲಿನಿಕ್ಕಿಗೆ ಹೋಗುವಂತಿಲ್ಲ, ಅಲ್ಲಿನ ಕಾಂಪೌಂಡರ್ ಚೀಟಿ ಬರೆಯುವ ಮೊದಲೇ ಏನ್ರೀ ಅಕ್ಕಾ, ಶುಂಠಿ ಖಾಲಿ ಆಯ್ತಾ ಎನ್ನುತ್ತಾನೆ, ಸಂಜೆಯೊಳಗೆ ಬೀದಿಗೆಲ್ಲ ಗೊತ್ತು, ಅದಕ್ಕೇ ಬಸ್ಸು ಬದಲಿಸಿ ಊರಿನ ಈ ತುದಿಗೆ ಬಂದಿದ್ದೇನೆ, ಎದೆರೋಗದ ವಿಭಾಗ ಎಂಬ ಬೋರ್ಡಿನ ಕೆಳಗೆ. ಜೊತೆಗೆ ಬರ್ತೀನಿ ಎಂದರು ಮನೆಯವರು, ಬೇಡ ಎಂದೆ, ಬಾಗಿಲಲ್ಲಿ ನಿಂತು ಹೇಳೋದು ಆಚಾರ ತಿನ್ನೋದು ಬದನೆಕಾಯಿ ಎಂದು ನಕ್ಕರು, ನಗುತ್ತಲೇ ನನ್ನ ಮಣಿಕಟ್ಟು ಹಿಡಿದು ನೋಡಿ ನಗುವುದನ್ನು ಬಿಟ್ಟರು, ಎಷ್ಟು ಸಣ್ಣ ಆಗಿದೀಯಲ್ಲೇ.

ಹೋದ ವಾರ ಉಂಗುರ ಬೆರಳಿನಿಂದ ಜಾರಿ ಹಿಟ್ಟಿನೊಳಗೆ ಬಿತ್ತು, ಕಲಸುತ್ತಿದ್ದೆ, ಗಟ್ಟಿಯಾಗಿ ಏನೋ ಕೈಗೆ ಸಿಕ್ಕಿತು, ತೊಳೆದು ಪೆಟ್ಟಿಗೆಯಲ್ಲಿಟ್ಟೆ, ಯಾರಿಗೂ ಹೇಳಲಿಲ್ಲ. ಶುಂಠಿ ಆಯಿತು, ಜೇನು ಆಯಿತು, ಬೆಳ್ಳುಳ್ಳಿ ಸುಟ್ಟು ತಿಂದದ್ದಾಯಿತು, ತಲೆಗೆ ಟವೆಲ್ ಮುಚ್ಚಿಕೊಂಡು ಬಿಸಿನೀರಿನ ಹಬೆ, ಈರುಳ್ಳಿ ರಸ, ನನ್ನ ಜೋಳಿಗೆಯಲ್ಲಿ ಇದ್ದದ್ದೆಲ್ಲ ಮುಗಿಯಿತು, ಸಂಜೆಯಾದರೆ ಮೈ ಬಿಸಿ, ಬೆಳಿಗ್ಗೆಯಾದರೆ ಮೈಕು. ಸುಳ್ಳೇನೂ ಹೇಳಿಲ್ಲ ನಾನು, ಹಲ್ಲುನೋವಿಗೆ ಲವಂಗ ಇಟ್ಟರೆ ನೋವು ಇಳಿಯುತ್ತದೆ, ಹೊಟ್ಟೆ ಉಬ್ಬರಕ್ಕೆ ಜೀರಿಗೆ ಕುದಿಸಿ ಕುಡಿದರೆ ಹಗುರಾಗುತ್ತದೆ, ಅಜ್ಜಿ ಹೇಳಿದ್ದು, ಅಜ್ಜಿಯ ಕೈಯಿಂದ ತಿಂದು ಬೆಳೆದವಳು ನಾನು, ನೆಗಡಿಯ ಕೆಮ್ಮಿಗೆ ಜೇನು ಒಳ್ಳೆಯದೇ — ನೆಗಡಿಯ ಕೆಮ್ಮಿಗೆ. ಆ ಎರಡು ಪದ ಇದ್ದವು, ಇದ್ದವಲ್ಲ, ರೆಕಾರ್ಡಿಂಗಿನ ಹುಡುಗಿ ಕಾಗದದ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಸಾಲನ್ನೂ ಸೇರಿಸಿದ್ದಳು, ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ವೈದ್ಯರಿಗೆ ತೋರಿಸಿ, ಇದೊಂದು ಹೇಳಿಬಿಡಿ ಅಕ್ಕಾ ಅಂದಳು. ಬೇಡ ಮರಿ, ಅದನ್ನ ಹೇಳಿದರೆ ಕೇಳೋರಿಗೆ ಮದ್ದಿನ ಮೇಲೇ ಅನುಮಾನ ಬರತ್ತೆ, ಮಾತು ಮುಗಿಸುವಾಗ ಧೈರ್ಯ ಕೊಡಬೇಕು, ಹೆದರಿಸಬಾರದು ಅಂದೆ. ಅವಳು ಪೆನ್ಸಿಲಿನ ಸಾಲನ್ನು ರಬ್ಬರಿನಲ್ಲಿ ಅಳಿಸಿದಳು, ನನ್ನೆದುರಿಗೇ, ರಬ್ಬರಿನ ಪುಡಿಯನ್ನು ಊದಿದಳು. ಕೊನೆಗೆ ನಾನು ಹೇಳಿದ್ದು ಬೇರೆ, ಕೆಮ್ಮು ಬಂದ ಅತಿಥಿ ಕಣ್ರೀ, ಚೆನ್ನಾಗಿ ನೋಡಿಕೊಂಡರೆ ತಾನಾಗೇ ಎದ್ದು ಹೋಗತ್ತೆ. ಎಷ್ಟು ಚೆಂದ ಹೇಳಿದ್ರಿ ಅಂತ ರಾಶಿ ಪತ್ರ ಬಂದವು.

ಪಕ್ಕದ ಕುರ್ಚಿಗೆ ಯಾರೋ ಬಂದು ಕೂತರು, ಹೆಂಗಸು, ನನ್ನ ಮಗಳ ವಯಸ್ಸಿರಬಹುದು, ಕೊರಳಲ್ಲಿ ಅಳತೆಯ ಟೇಪು ಹಾವಿನ ಹಾಗೆ ಇಳಿಬಿದ್ದಿದೆ, ತೆಗೆದಿಡಲು ಮರೆತು ಬಂದಿದ್ದಾಳೆ, ತೋಳಿಗೆ ನೀಲಿ ದಾರದ ಚೂರುಗಳು ಅಂಟಿವೆ. ನನ್ನ ಕಣ್ಣು ಟೇಪಿನ ಮೇಲಿರುವುದನ್ನು ಕಂಡು ಅವಳೇ ಮಾತು ಶುರು ಮಾಡುತ್ತಾಳೆ, ಸ್ಕೂಲ್ ಯೂನಿಫಾರಂ ಹೊಲೀತೀನಿ ಆಂಟಿ, ಮೆಷಿನ್ ಮೇಲಿಂದ ಹಾಗೇ ಎದ್ದು ಬಂದೆ, ನಮ್ಮಮ್ಮ ಬೆಳಿಗ್ಗೆ ಕೆಮ್ಮಿದಾಗ ಬಟ್ಟೆಗೆ ರಕ್ತ ಆಯ್ತು, ಎಕ್ಸ್‌ರೇಗೆ ಒಳಗೆ ಕರ್ಕೊಂಡು ಹೋಗಿದಾರೆ. ಪಾಪ ಎನ್ನಬೇಕು ಈಗ, ಯಾರಾದರೂ ಎನ್ನುತ್ತಾರೆ, ದನಿಯ ಗುರುತು ಸಿಕ್ಕೀತೆಂದು ನಾನು ತಲೆ ಮಾತ್ರ ಆಡಿಸಿದೆ. ಬಹಳ ದಿನದಿಂದ ಇತ್ತು ಆಂಟಿ, ಆಸ್ಪತ್ರೆಗೆ ಬಾ ಅಂದ್ರೆ ಬರ್ತಿರ್ಲಿಲ್ಲ, ಅಮ್ಮಂಗೆ ಎರಡೂ ಕಣ್ಣಲ್ಲಿ ಪೊರೆ, ಟೀವಿ ಕಾಣಲ್ಲ, ರೇಡಿಯೋನೇ ಅವಳ ಪ್ರಪಂಚ, ಅದ್ರಲ್ಲಿ ಒಬ್ಬರು ಅಕ್ಕ ಬರ್ತಾರೆ ನೋಡಿ, ಹಿತ್ತಿಲ ಮದ್ದು, ನೀವೂ ಕೇಳ್ತೀರಾ — ಭೂಮಿ ಬಾಯಿ ಬಿಡಬಾರದೇ, ಎದುರಿನ ಗೋಡೆಯಲ್ಲಿ ಹಲ್ಲಿ ನಿಂತಿದೆ, ಅದನ್ನೇ ನೋಡಿದೆ. ಅವಳು ನನ್ನ ದನಿಯನ್ನೇ ಮಾಡಿ ತೋರಿಸುತ್ತಾಳೆ, ಕೆಮ್ಮು ಬಂದ ಅತಿಥಿ ಕಣ್ರೀ, ಎಷ್ಟು ಸರಿಯಾಗಿ ಮಾಡುತ್ತಾಳೆ, ಕಣ್ರೀ ಎನ್ನುವಾಗ ನಾನು ಸ್ವಲ್ಪ ಎಳೆಯುತ್ತೇನೆ ಎಂದು ಇಂದೇ ಗೊತ್ತಾಯಿತು. ಅಮ್ಮ ಅವರನ್ನ ನನ್ನ ದೊಡ್ಡ ಮಗಳು ಅಂತಾಳೆ, ಅಪ್ಪ ತೀರಿಕೊಂಡಾಗ ಊಟ ಬಿಟ್ಟಿದ್ಲು, ನಿದ್ದೆ ಬಾರದವರು ಏನು ಮಾಡಬೇಕು ಅಂತ ಅವರು ಹೇಳಿದ್ದು ಕೇಳಿ ಕಾಲಿಗೆ ಎಣ್ಣೆ ತಿಕ್ಕಿಕೊಂಡು ಮಲಗಿದ್ಲು ಆಂಟಿ, ಅವತ್ತು ನಿದ್ದೆ ಮಾಡಿದ್ಲು, ಆ ಅಕ್ಕನ ಋಣ ತೀರ್ಸಕ್ಕಾಗಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈದರೆ ಉತ್ತರ ಹೇಳಬಹುದು, ನಾನು ಡಾಕ್ಟರು ಎಂದು ಎಲ್ಲಿ ಹೇಳಿದ್ದೇನೆ, ಕೇಳುವವರಿಗೆ ಬುದ್ಧಿ ಬೇಡವೇ, ಹೀಗೆ ಏನಾದರೂ. ಋಣ ಎಂದಳಲ್ಲ, ಅದಕ್ಕೆ ಏನು ಉತ್ತರ — ಬಂತು, ತಡೆಯಲಾಗಲಿಲ್ಲ, ಕರುಳು ಕಿತ್ತು ಬರುವ ಹಾಗೆ ಬಂತು, ಸಾಲಿಗೆ ಸಾಲೇ ಅಲುಗಿತು, ಅವಳು ನನ್ನ ಬೆನ್ನು ಸವರುತ್ತಿದ್ದಾಳೆ, ಸಣ್ಣ ಸಣ್ಣ ವೃತ್ತದಲ್ಲಿ, ಮಗುವಿಗೆ ಸವರುವ ಹಾಗೆ.

ಅಯ್ಯೋ, ಗಂಟಲು ಕಟ್ಟಿದೆಯಾ ಆಂಟಿ, ದನಿನೇ ಬರ್ತಿಲ್ವಾ ಎಂದಳು, ನಾನು ಗಂಟಲು ಮುಟ್ಟಿ ಕೈಯಾಡಿಸಿದೆ, ಇಲ್ಲ, ಬರುತ್ತಿಲ್ಲ, ಮೂಗಿಯಾದೆ. ಕೂತಿರಿ ಎಂದು ಎದ್ದು ಹೋದಳು, ಟೇಪಿನ ತುದಿ ಅವಳ ಮಂಡಿಗೆ ಬಡಿಯುತ್ತಿತ್ತು, ಹೋಗಿಬಿಡೋಣ ಎನಿಸಿತು, ಎದ್ದು ಬಸ್ಸು ಹತ್ತಿಬಿಡೋಣ, ಅಷ್ಟರಲ್ಲಿ ಬಂದಳು, ಕ್ಯಾಂಟೀನಿನಿಂದ ಸ್ಟೀಲ್ ಲೋಟದಲ್ಲಿ ಬಿಸಿನೀರು, ಕಾಗದದಲ್ಲಿ ಸುತ್ತಿದ ಉಪ್ಪು, ತಾನೇ ಹಾಕಿ ತಾನೇ ಬೆರಳಲ್ಲಿ ಕದಡಿದಳು, ಕೈ ತೊಳ್ಕೊಂಡಿದೀನಿ ಆಂಟಿ, ಬಾಯಿ ಮುಕ್ಕಳಿಸಿ, ಇದೂ ಆ ಅಕ್ಕ ಹೇಳಿದ್ದೇ. ಮೂಲೆಯ ಕೈತೊಳೆಯುವ ತೊಟ್ಟಿಗೆ ಹೋಗಿ ಮಾಸ್ಕ್ ಇಳಿಸಿ ಮುಕ್ಕಳಿಸಿದೆ. ನನ್ನ ಮಾತೇ ನನ್ನ ಗಂಟಲಲ್ಲಿ ಗಳಗಳ ಎಂದಿತು, ಕನ್ನಡಿಯಲ್ಲಿ ಕತ್ತು ಮೇಲೆತ್ತಿದ ಒಬ್ಬ ಹೆಂಗಸು, ಕತ್ತಿನ ಎರಡು ನರ ಎದ್ದು ನಿಂತಿವೆ, ಹಿತವಾಯಿತು, ನಾಚಿಕೆಗೇಡು, ನಿಜವಾಗಿಯೂ ಹಿತವಾಯಿತು.

ಮಾಸ್ಕ್ ಏರಿಸಿಕೊಂಡು ಮರಳಿ ಬರುವಷ್ಟರಲ್ಲಿ ಅವಳ ಅಮ್ಮನನ್ನು ಹೊರಗೆ ಕರೆತಂದಿದ್ದರು, ಗಾಲಿಕುರ್ಚಿಯಲ್ಲಿ, ಒಂದು ಹಿಡಿ ಮುದುಕಿ, ಗದ್ದ ಮುಂದೆ ಚಾಚಿಕೊಂಡು ಕಿವಿಯಿಂದಲೇ ನೋಡುವವಳ ಹಾಗೆ. ಹಿಂದೆಯೇ ಡಾಕ್ಟರಮ್ಮ, ಎಳೆ ವಯಸ್ಸು, ಕೈಯಲ್ಲಿ ಎಕ್ಸ್‌ರೇ, ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಇಲ್ಲಿ ನೋಡಿ, ಇಲ್ಲೆಲ್ಲ ನೀರು ತುಂಬಿದೆ, ಇವತ್ತೇ ಸೇರಿಸ್ಬೇಕು, ಇಷ್ಟು ತಿಂಗಳು ಏನ್ ಮಾಡ್ತಿದ್ರಿ ನೀವು, ಮನೇಲಿ ಯಾರೂ ನೋಡಲ್ವಾ ಎಂದರು. ಈಗ ಹೇಳುತ್ತಾಳೆ, ಈಗ ರೇಡಿಯೋದ ಹೆಸರು ಹೇಳುತ್ತಾಳೆ ಎಂದು ನಾನು ಗೋಡೆಗೆ ಒರಗಿದೆ. ದರ್ಜಿ ಹುಡುಗಿ ತಲೆ ತಗ್ಗಿಸಿ ಟೇಪನ್ನು ಬೆರಳಿಗೆ ಸುತ್ತುತ್ತ, ಶಾಲೆ ಶುರುವಾಗೋ ಕಾಲ ಡಾಕ್ಟ್ರೇ, ಹೊಲಿಗೆ ಜಾಸ್ತಿ ಇತ್ತು, ನಾನೇ ಗಮನ ಕೊಡ್ಲಿಲ್ಲ, ನನ್ನದೇ ತಪ್ಪು ಎಂದಳು. ನನ್ನದೇ ತಪ್ಪು ಎಂದಳು. ಮುದುಕಿ ನಡುವೆ ಬಾಯಿ ಹಾಕಿತು, ಸೇರೋದೂ ಇಲ್ಲ ಗೀರೋದೂ ಇಲ್ಲ, ನಿಮ್ಮಪ್ಪ ಸೇರಿದ್ನಲ್ಲ, ಎದ್ದು ಬಂದ್ನಾ, ನಡಿ ಮನೆಗೆ. ಅಮ್ಮಾ ರಕ್ತ ಬಂದಿದೆ ಕಣಮ್ಮಾ. ಬರ್ಲಿ, ಅತಿಥಿ, ಹೋಗತ್ತೆ. ಡಾಕ್ಟರಮ್ಮ ಬಿಡಿಸಿ ಹೇಳಿದರು, ನರ್ಸ್ ಗದರಿದಳು, ಮಗಳು ಕಾಲು ಹಿಡಿದುಕೊಂಡಳು, ಮುದುಕಿ ಜಗ್ಗಲಿಲ್ಲ, ಗಾಲಿಕುರ್ಚಿಯಿಂದ ಕಾಲು ಕೆಳಗಿಟ್ಟು ಏಳಲು ನೋಡಿತು, ಆ ರೇಡಿಯೋ ಅಕ್ಕಂಗೆ ಪತ್ರ ಹಾಕು, ಅವಳು ಸೇರ್ಕೋ ಅಂದ್ರೆ ಸೇರ್ತೀನಿ, ನೀವು ಯಾರ್ ಹೇಳಿದ್ರೂ ನಾ ಕೇಳಲ್ಲ. ಡಾಕ್ಟರಮ್ಮನಿಗೆ ಅರ್ಥವಾಗಲಿಲ್ಲ, ಯಾವ ಅಕ್ಕ ಎಂದರು, ಮುದುಕಿ ನಿಂತೇಬಿಟ್ಟಿತು, ಬಾಗಿಲು ಯಾವ ಕಡೆ ಎಂದು ಗಾಳಿಯಲ್ಲಿ ಕೈಯಾಡಿಸುತ್ತ ನನ್ನ ಕಡೆಗೇ ಬಂತು, ಲೋಟ ಹಿಡಿದ ನನ್ನ ಕೈಗೆ ಆ ಕೈ ತಾಕಿತು, ಕೆಂಡದ ಹಾಗೆ ಸುಡುತ್ತಿತ್ತು, ನನ್ನ ಸಂಜೆಯ ಮೈಯ ಬಿಸಿಯೇ ಅದು, ಯಾರಮ್ಮಾ ಇದು ದಾರೀಲಿ.

ಅಮ್ಮಾ, ಸೇರಿಕೊಳ್ಳಿ. ನನ್ನ ಬಾಯಿಂದ ಮೊದಲು ಬಂದದ್ದು ಅಷ್ಟೇ, ಒಡಕು ದನಿ, ಆದರೂ ದನಿ ಅದೇ, ಉಪ್ಪುನೀರು ಅಷ್ಟು ಕೆಲಸ ಮಾಡಿತ್ತು. ಇದು ಹಿತ್ತಿಲ ಮದ್ದಿಗೆ ಬಗ್ಗೋ ಕೆಮ್ಮಲ್ಲ ಕಣ್ರೀ, ಇದಕ್ಕೆ ಇಲ್ಲಿನ ಔಷಧವೇ ಬೇಕು, ಇಷ್ಟು ದಿನ ನಾನು ಅದನ್ನ ಹೇಳ್ಲಿಲ್ಲ, ಈಗ ಹೇಳ್ತಿದೀನಿ, ಸೇರಿಕೊಳ್ಳಿ. ಮುದುಕಿಯ ಕೈ ನನ್ನ ತೋಳಿನ ಮೇಲೇರಿ ಕೆನ್ನೆಗೆ ಬಂತು, ಮಾಸ್ಕಿನ ಮೇಲೆ, ಮೂಗಿನ ಮೇಲೆ, ನನ್ನ ದೊಡ್ಡ ಮಗಳು ಎಂದಿತು, ಪತ್ರ ಹಾಕೋ ಮೊದಲೇ ಬಂದ್ಯಲ್ಲ ಎಂದಿತು. ಆಗಲೇ ದರ್ಜಿ ಹುಡುಗಿಯನ್ನು ನೋಡಿದ್ದು, ನಗುತ್ತಿದ್ದಳು, ಮುಖವೆಲ್ಲ ನಗು, ಅಕ್ಕಾ ಎಂದಳು, ನೀವಾ ಅಕ್ಕಾ ಎಂದಳು, ತನ್ನ ಕೈಯಿಂದ ಉಪ್ಪುನೀರು ಕೊಟ್ಟದ್ದು ಯಾರಿಗೆ ಎಂದು ತಿಳಿದ ಸಂತೋಷ, ಸಿಟ್ಟಿಗೆ ಇನ್ನೂ ಹೊತ್ತಾಗಿರಲಿಲ್ಲ, ಮೊದಲು ನಕ್ಕಳು. ಮುದುಕಿ ಕೇಳಿತು, ನೀ ಯಾಕೆ ಇಲ್ಲಿದೀಯವ್ವಾ, ನಿಂಗೂ ಏನಾದ್ರೂ ಆಯ್ತಾ. ಹೌದು ಎನ್ನಬೇಕಿತ್ತು, ನನಗೂ ಕೆಮ್ಮು ಎನ್ನಬೇಕಿತ್ತು, ಎಷ್ಟು ಹಗುರವಾಗಿ ಹೇಳಬಹುದಿತ್ತು, ಇಬ್ಬರೂ ಜೊತೆಗೇ ವಾಸಿ ಮಾಡ್ಕೊಳ್ಳೋಣ ಎನ್ನಬಹುದಿತ್ತು, ನನ್ನ ಹೆಸರಿನ ಚೀಟಿ ಎಡಗೈಯಲ್ಲೇ ಇತ್ತು, ನಾಲಿಗೆ ತನ್ನಷ್ಟಕ್ಕೇ ಹೊರಳಿತು, ನನಗೇನಾಗಿದೆಯಮ್ಮಾ, ಕಲ್ಲುಗುಂಡು ಇದ್ದ ಹಾಗಿದೀನಿ, ಪರಿಚಯದೋರು ಒಬ್ಬರನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ. ಅದೇ ದನಿ. ಬೆಣ್ಣೆ. ಹೇಳಿ ಮುಗಿಸಿದ ಮೇಲೆ ಬಾಯಿಯೊಳಗೆ ಉಪ್ಪು ಉಳಿದಿರುವುದು ಗೊತ್ತಾಯಿತು.

ದರ್ಜಿ ಹುಡುಗಿ ಚೀಟಿ ನೋಡಿದಳು, ನನ್ನ ಕತ್ತು ನೋಡಿದಳು, ನನ್ನ ಬೆನ್ನು ಸವರಿದವಳು ಅವಳು, ಎಲುಬು ಎಣಿಸಿದ ಕೈ ಅವಳದು. ಹೌದಮ್ಮಾ ಎಂದಳು ತಾಯಿಗೆ, ಯಾರನ್ನೋ ನೋಡೋಕೆ ಬಂದಿದ್ರು, ನಮ್ಮ ಪುಣ್ಯ, ಸಿಕ್ಕಿದ್ರು. ಡಾಕ್ಟರಮ್ಮನ ಮುಂದೆ ಹೇಗೆ ಹೇಳಿದ್ದಳೋ ಹಾಗೇ, ಅಷ್ಟೇ ಸಲೀಸಾಗಿ, ನನ್ನ ತಪ್ಪಿನ ಮೇಲೆ ಬಟ್ಟೆ ಎಳೆದಳು. ನಗು ಮಾತ್ರ ಮುಖದಲ್ಲೇ ಇತ್ತು, ತೆಗೆಯುವುದಕ್ಕೆ ಅವಳಿಗೆ ಪುರುಸೊತ್ತಾಗಿಲ್ಲ ಎನ್ನುವ ಹಾಗೆ, ಹೊಲಿಗೆಗೆ ಮೊದಲು ಬಟ್ಟೆಗೆ ಚುಚ್ಚಿಟ್ಟ ಗುಂಡುಸೂಜಿಯ ಹಾಗೆ, ಹಿಂದೆ ಏನೂ ಇಲ್ಲ, ಬರೀ ನಗು. ಗಾಲಿಕುರ್ಚಿ ತಿರುಗಿಸಿದರು, ಮುದುಕಿ ನನ್ನ ಕಡೆಗೆ ಅಲ್ಲ, ಗೋಡೆಯ ಕಡೆಗೆ ಕೈ ಮುಗಿಯಿತು, ವಾರ್ಡಿನ ಬಾಗಿಲು ಒಳಕ್ಕೆ ತೆರೆದುಕೊಂಡಿತು, ಮಗಳು ತಿರುಗಿ, ಲೋಟ ಕ್ಯಾಂಟೀನಿಂದು, ಅಲ್ಲೇ ಇಟ್ಬಿಡಿ ಆಂಟಿ ಎಂದಳು. ಅಕ್ಕಾ ಎನ್ನಲಿಲ್ಲ. ಒಳ್ಳೆಯದೇ ಆಯಿತು, ಮುದುಕಿ ಸೇರಿತಲ್ಲ, ಬದುಕಿಕೊಳ್ಳಬಹುದು, ನಾಳೆ ಆ ಸಾಲನ್ನು ಮೈಕಿನಲ್ಲಿ ಹೇಳುತ್ತೇನೆ, ರೆಕಾರ್ಡಿಂಗಿನ ಹುಡುಗಿ ಕೇಳದಿದ್ದರೂ ಹೇಳುತ್ತೇನೆ, ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ — ನನ್ನ ಹೆಸರು ಕೂಗುತ್ತಿದ್ದಾರೆ, ಒಳಗಿನಿಂದ, ಪೂರ್ತಿ ಹೆಸರು, ಮತ್ತೆ ಕೂಗಿದರು, ಯಾರ್ರೀ ಅದು, ಬಂದಿದಾರಾ ಇಲ್ವಾ, ಏಳಬೇಕು, ನಾನು ಎನ್ನಬೇಕು, ಕೈ ಎತ್ತಬೇಕು, ಆ ದರ್ಜಿ ಹುಡುಗಿ ಮೊದಲು ನಕ್ಕಳಲ್ಲ, ದನಿ ಕೇಳಿದ ಕೂಡಲೇ, ಏನನ್ನೂ ಯೋಚಿಸುವ ಮೊದಲು, ಹಲ್ಲೆಲ್ಲ ಕಾಣುವ ಹಾಗೆ, ಬೈಯಬಹುದಿತ್ತು, ಬೈಯಲಿಲ್ಲ, ನಕ್ಕಳು, ಆಮೇಲೆ ನಾನು ಸುಳ್ಳಿಗೆ ಬಾಯಿ ತೆರೆದೆ, ಆಮೇಲೂ ಆ ನಗು ಅಲ್ಲೇ, ಮುಖದ ಮೇಲೆ, ಹಾಗೇ