ಹದಿನಾಲ್ಕು ಫೂಟಿನ ಓಣಿ

"ಮುತ್ಯಾ, ಇದರಾಗ ಎಲ್ಲಾ ಬರದೀರಿ. ನಿಮಗ ಏನ ಆಗಬೇಕು ಅನ್ನೂದಷ್ಟ ಬರದಿಲ್ಲ," ಎಂದು ದೀಪಾಲಿ ಎರಡನೆಯ ಹಾಳೆಯನ್ನೂ ತಿರುವಿ ನೋಡಿ ಹೇಳಿದಳು.

ಶಾಂತಲಿಂಗಪ್ಪನವರು ಕುರ್ಚಿಯ ತುದಿಯಲ್ಲಿ ಕೂತಿದ್ದರು. ಸೋಲಾಪುರದ ಪಾಲಿಕೆಯ ಆ ವಿಭಾಗ ಕಚೇರಿಯಲ್ಲಿ ಮಂಗಳವಾರ ತಕ್ರಾರಿನ ದಿನ. ಅವರಿಗಿಂತ ಮುಂಚೆ ಬಂದವನು ಪಕ್ಕದ ಮನೆಯ ಹುಂಜ ನಸುಕಿನಲ್ಲಿ ನಿದ್ದೆ ಕೆಡಿಸುತ್ತದೆಂದು ಅರ್ಜಿ ಕೊಟ್ಟು ಹೋಗಿದ್ದ. ಅವರ ಹಿಂದೆ ನಿಂತ ಹೆಂಗಸಿಗೆ ಮೇಲಿನ ಮನೆಯವರ ಒಗೆದ ಬಟ್ಟೆಯ ನೀರು ತನ್ನ ಹಪ್ಪಳದ ಮೇಲೆ ಹನಿಯುತ್ತದೆಂಬ ಸಿಟ್ಟು. ಇದನ್ನೆಲ್ಲ ಕೇಳಿ ಬರೆದುಕೊಳ್ಳುವ ದೀಪಾಲಿ ಅಲ್ಲಿನ ಜೂನಿಯರ್ ಇಂಜಿನಿಯರ್, ದಿನಾ ಕುಂಭಾರಿಯಿಂದ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ಅವಳ ಮುಂದಿನ ಫಾರ್ಮಿನಲ್ಲಿ ಕಸ, ಗಟಾರ, ನಾಯಿ, ಪಾರ್ಕಿಂಗ್, ಗದ್ದಲ ಎಂದು ಮರಾಠಿಯಲ್ಲಿ ಅಚ್ಚಾದ ಚೌಕಗಳಿದ್ದವು.

"ಪಾರ್ಕಿಂಗ್ ಅಂತ ಖೂಣಾ ಹಾಕಲೇನ್ರಿ?"

"ಹಾಕವ್ವಾ."

"ಮತ್ತ ಏನ ಆಗಬೇಕ್ರಿ?"

ಶಾಂತಲಿಂಗಪ್ಪನವರು ಮೂವತ್ತೆಂಟು ವರ್ಷ ಅಂಚೆ ಹಂಚಿದವರು. ಊರಿನ ಎಷ್ಟೋ ಮನೆಗಳ ಅರ್ಜಿಗಳನ್ನು ತಾವೇ ಬರೆದು ಕೊಟ್ಟವರು. ಆದರೂ ತಮ್ಮದೇ ಅರ್ಜಿಯ ಕೊನೆಯ ಸಾಲು ಅವರಿಗೆ ಮನೆಯಲ್ಲಿ ಹೊಳೆದಿರಲಿಲ್ಲ. ಈಗ, "ನಮ್ಮಾಕಿನ್ನ ಒಯ್ದಂಗ ಇನ್ನೊಬ್ಬರನ್ನ ಒಯ್ಯಬಾರದು," ಎಂದರು.

ದೀಪಾಲಿ ಪೆನ್ನು ಕೆಳಗಿಟ್ಟಳು. "ನಮ್ಮ ಆಯಿನ್ನೂ ವಿಮಾನದಾಗ ಕೂಡಿಸೇ ಒಯ್ದ್ವಿರಿ, ಹೋದ ವರ್ಷ ತೀರಿಕೊಂಡಾಗ," ಎಂದಳು. ಆಮೇಲೆ ಖಾಲಿ ಸಾಲಿನಲ್ಲಿ ಏನೋ ಬರೆದು, ಶುಕ್ರವಾರ ಹನ್ನೊಂದಕ್ಕೆ ಸ್ಥಳ ನೋಡಲು ಬರುವುದಾಗಿ ಹೇಳಿದಳು.

ದ್ರೌಪದಿಬಾಯಿ ತೀರಿಕೊಂಡು ಐದು ವಾರವಾಗಿತ್ತು. ಭಾನುವಾರ ಬೆಳಗ್ಗೆ ಪೂಜೆ ಮುಗಿಸಿ, ವಿಭೂತಿಯ ಗಟ್ಟಿಯನ್ನು ಲಿಂಗದ ಕರಡಿಗೆಯ ಪಕ್ಕಕ್ಕಿಟ್ಟು, ಗೋಡೆಗೆ ಒರಗಿದವರು ಮತ್ತೆ ಏಳಲಿಲ್ಲ. ಮುತ್ತೈದೆಯ ಸಾವು, ಯಾರ ಕೈಯಿಂದಲೂ ಸೇವೆ ಮಾಡಿಸಿಕೊಳ್ಳದ ಸಾವು ಎಂದು ಬಂದವರೆಲ್ಲ ಹೇಳಿದರು. ಮರಣದ ಬಗ್ಗೆ ಶಾಂತಲಿಂಗಪ್ಪನವರಿಗೆ ಶಿವನ ಮೇಲೆ ಏನೂ ತಕರಾರು ಇರಲಿಲ್ಲ. ಹಸಿರು ಸೀರೆ ಉಡಿಸಿ, ಕೈತುಂಬ ಬಳೆ ತೊಡಿಸಿ, ಮನೆಯ ಮುಂದಿನ ಕಟ್ಟೆಯ ಮೇಲೆ ಅವರನ್ನು ಕೂಡಿಸಿದ್ದರು. ದಿನಾ ಸಂಜೆ ಶೇಂಗಾ ಆರಿಸುತ್ತ ಕೂರುತ್ತಿದ್ದ ಜಾಗವೇ. ಮದುವೆಯಾದ ಮೂರನೆಯ ವರ್ಷ ಮೈಂದರ್ಗಿಯಿಂದ ಮಾವ ಕಲ್ಯಾಣಪ್ಪನವರು ಟೆಂಪೋದಲ್ಲಿ ಶಹಾಬಾದಿ ಫರ್ಶಿಕಲ್ಲು ಕಳಿಸಿ ಕಟ್ಟಿಸಿದ ಕಟ್ಟೆ ಅದು. ಭಜನೆಯವರು ಹಾಡಿದರು. ದ್ರೌಪದಿಬಾಯಿಯ ಮುಖ ನೆಟ್ಟಗೆ ಎದುರಿಗೇ ಇತ್ತು, ಯಾರಾದರೂ ಮಾತಾಡಿಸಿದರೆ ಉತ್ತರ ಕೊಡುವವರ ಹಾಗೆ.

ತಪ್ಪಿದ್ದು ಆಮೇಲೆ. ಅವರನ್ನು ಕೂಡಿಸಿ, ಬಾಳೆಕಂಬ ಕಟ್ಟಿದ ಬಿದಿರಿನ ವಿಮಾನವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೋಗುವಷ್ಟರಲ್ಲಿ ಎದುರುಮನೆಯ ಪರಾಗನ ಕಾರು ಅಡ್ಡ ಬಂತು. ಪರಾಗ ಆ ದಿನ ಪುಣೆಗೆ ಹೋಗಿದ್ದ. ಚಾವಿ ಅವನ ಕಿಸೆಯಲ್ಲೇ ಇತ್ತು. ಅವನ ಹೆಂಡತಿ ವರದಾ ಬಾಗಿಲಲ್ಲಿ ನಿಂತು, "ಕಾಕಾ, ನಾ ಏನ ಮಾಡ್ಲಿ," ಎಂದು ಅತ್ತಳು. ಹೇಗೋ ದಾಟಿಸೋಣ ಎಂದು ಜನ ಮುಂದೆ ಸರಿದರು. ತಲೆ ತಗ್ಗಿಸಿ ಹಿಂದೆ ನಡೆಯುತ್ತಿದ್ದ ಶಾಂತಲಿಂಗಪ್ಪನವರು ಹೆಂಗಸರ ಉದ್ಗಾರ ಕೇಳಿ ಕತ್ತೆತ್ತಿದಾಗ ವಿಮಾನ ಕಾರಿನ ಕಡೆಗೆ ವಾಲಿತ್ತು. ಕಟ್ಟಿದ ಬಟ್ಟೆ ಸಡಿಲಾಗಿ ದ್ರೌಪದಿಬಾಯಿಯ ತಲೆ ಭುಜದ ಮೇಲೆ ಜಾರಿತು. ಕೊರಳಿನ ಮಲ್ಲಿಗೆ ಮಾಲೆ ಕಾರಿನ ಬಾನೆಟ್ಟಿನ ಮೇಲೆ ಬಿತ್ತು. ಅವರು ಎರಡೂ ಕೈ ಮೇಲೆತ್ತಿದರು. ಕೈ ಅಷ್ಟು ದೂರ ಮುಟ್ಟಲಿಲ್ಲ.

ಕಚೇರಿಯಿಂದ ಬಂದ ರಾತ್ರಿ ಊಟಕ್ಕೆ ಕೂತಾಗ ಮಗ ಓಂಕಾರ ಕೇಳಿದ, "ಅಪ್ಪಾ, ಪರಾಗನ ಮ್ಯಾಲ ತಕ್ರಾರ ಕೊಟ್ಟ ಬಂದ್ರಂತ?"

"ಪರಾಗನ ಮ್ಯಾಲ ಅಲ್ಲ. ಗಾಡಿ ಮ್ಯಾಲ."

"ಗಾಡಿ ತಾನ ಬಂದು ನಿಂತದೇನ್ರಿ? ಅವರಪ್ಪ ದಾಮೋದರ ಕಾಕಾಗ ವಾರಕ್ಕ ಮೂರ ಸಲ ಡಯಾಲಿಸಿಸ್ ಅದ. ಮನಿ ಮುಂದ ಗಾಡಿ ಇರಲಿಕ್ಕೇ ಬೇಕು."

"ನಿಮ್ಮವ್ವನ ಮುಂದ ಇರಬಾರದಿತ್ತು."

ಓಂಕಾರ ಏನೋ ಹೇಳಲು ಬಾಯಿ ತೆರೆದವನು ಹೇಳದೆ ರೊಟ್ಟಿ ಮುರಿದುಕೊಂಡ. ಸೊಸೆ ನಂದಾ ಇಬ್ಬರ ಮುಖವನ್ನೂ ನೋಡಿ ಇನ್ನೊಂದು ಸೌಟು ಬೇಳೆ ಬಡಿಸಿ ಒಳಗೆ ಹೋದಳು.

ಶುಕ್ರವಾರ ದೀಪಾಲಿ ಒಬ್ಬ ಸಿಪಾಯಿಯನ್ನು ಕರೆದುಕೊಂಡು ಬಂದಳು. ಕಂಕುಳಲ್ಲಿ ಸಿಟಿ ಸರ್ವೆಯ ನಕಾಶೆಯ ಪ್ರತಿ, ಕೈಯಲ್ಲಿ ಟೇಪು. ಪರಾಗನೂ ಹೊರಗೆ ಬಂದು ಕಾರಿನ ಪಕ್ಕಕ್ಕೆ ಅಪರಾಧಿಯಂತೆ ನಿಂತ. ಓಣಿಯ ಹೆಂಗಸರು ಬಾಗಿಲುಗಳಿಗೆ ಬಂದರು. "ನಮ್ಮ ನಳದ ನೀರೂ ಅಳದ ಹೋಗವ್ವಾ, ಎರಡ ಬೆರಳ ಬರತಾವ," ಎಂದು ಒಬ್ಬಾಕೆ ಹೇಳಿದ್ದಕ್ಕೆ ಸಿಪಾಯಿ ನಕ್ಕ.

ಟೇಪಿನ ಒಂದು ತುದಿಯನ್ನು ಓಂಕಾರ ಹಿಡಿದ. ಅವನು ಅದನ್ನು ಕಟ್ಟೆಯ ಅಂಚಿಗೆ ಹಚ್ಚಿದಾಗ ದೀಪಾಲಿ, "ಅಲ್ಲಲ್ರಿ ಅಣ್ಣಾ, ಗ್ವಾಡಿಗಿ ಹಚ್ಚರಿ," ಎಂದಳು.

ಗೋಡೆಯಿಂದ ಗೋಡೆಗೆ ಹದಿನಾಲ್ಕು ಫೂಟು. ನಕಾಶೆಯಲ್ಲೂ ಹದಿನಾಲ್ಕು. ಕಾರು ಕನ್ನಡಿ ಸೇರಿ ಆರು ಫೂಟು. ಕಟ್ಟೆ ಮೂರು ಫೂಟು. ದೀಪಾಲಿ ನಕಾಶೆಯನ್ನು ಕಾರಿನ ಬಾನೆಟ್ಟಿನ ಮೇಲೆ ಹಾಸಿ ಬಹಳ ಹೊತ್ತು ನೋಡಿದಳು.

"ಮುತ್ಯಾ, ವಿಮಾನ ಹೊರವರು ಸೇರಿ ಎಷ್ಟ ಜಾಗಾ ಬೇಕಾಗ್ತದ್ರಿ?"

"ಆರು ಫೂಟು. ಏಳಿದ್ದರ ಛಲೋ."

"ಇಲ್ಲಿ ಐದ ಉಳದದ." ಅವಳು ಧ್ವನಿ ತಗ್ಗಿಸಿದಳು. "ಕಟ್ಟಿ ನಕಾಶೆದಾಗ ಇಲ್ರಿ. ಅದು ಓಣಿ ಜಾಗಾದಾಗ ಬಂದದ."

ಶಾಂತಲಿಂಗಪ್ಪನವರಿಗೆ ತಕ್ಷಣ ತಿಳಿಯಲಿಲ್ಲ. "ಕಟ್ಟಿಗಿ ನಲವತ್ತಾರ ವರ್ಷ ಆತವ್ವಾ. ಆವಾಗ ಈ ಓಣ್ಯಾಗ ಸೈಕಲ್ ಸುದ್ದಾ ನನ್ನದೊಂದೇ ಇತ್ತು. ಕಟ್ಟಿ ಏನ ಮಾಡೇದ? ಕಾರು ನಿಂತದ್ದಕ್ಕ ವಿಮಾನ ವಾಲಿದ್ದು."

"ಅಪ್ಪಾ," ಎಂದ ಓಂಕಾರ. ಟೇಪಿನ ತುದಿ ಇನ್ನೂ ಅವನ ಕೈಯಲ್ಲೇ ಇತ್ತು. "ಜಾಗಾ ಸಾಲಲಿಲ್ಲಂತ ಈ ಬಾಜೂದವರು ಇಬ್ಬರು ಕಟ್ಟಿ ಮ್ಯಾಲ ಹತ್ತಿದ್ವಿ. ಮುಂದ ನಾನೇ ಇದ್ದೆ. ನಾವು ಮ್ಯಾಲ, ಅವರು ಕೆಳಗ. ಅದಕ್ಕ ವಾಲಿತು."

ಓಂಕಾರ ಟೇಪು ಬಿಟ್ಟ. ಅದು ಸರಸರನೆ ಸುತ್ತಿಕೊಂಡು ಸಿಪಾಯಿಯ ಕೈ ಸೇರಿತು.

"ಐದ ವಾರ ಆತು," ಎಂದರು ಶಾಂತಲಿಂಗಪ್ಪನವರು.

"ಹೆಂಗ ಹೇಳ್ಲಿರಿ ನಿಮಗ?"

ದೀಪಾಲಿ ಅವರನ್ನು ಕಟ್ಟೆಯ ಮೇಲೆ ಕೂಡಿಸಿ ಎದುರು ನಿಂತು ತಿಳಿಸಿ ಹೇಳಿದಳು. ಅರ್ಜಿ ವಾಪಸು ತೆಗೆದುಕೊಂಡರೆ ಈ ಅಳತೆ ಅವಳ ವಹಿಗೆ ಏರುವುದಿಲ್ಲ. ಕಟ್ಟೆ ಇದ್ದ ಹಾಗೇ ಇರುತ್ತದೆ. ಅರ್ಜಿ ಮುಂದುವರಿದರೆ ಕಂಡದ್ದನ್ನೆಲ್ಲ ಬರೆಯಬೇಕಾಗುತ್ತದೆ. ಆಗ ಕಟ್ಟೆ ಹೋಗುತ್ತದೆ. ಹೋದರೆ, ಕಾರು ಒಂದು ಬದಿಗೆ ನಿಂತರೂ ಎಂಟು ಫೂಟು ಹಾದಿ ಉಳಿಯುತ್ತದೆ. ಕಾರಿಗೆ ಪಾಲಿಕೆಯವರೇ ಬಿಳಿ ಪಟ್ಟಿ ಹೊಡೆದು ಕೊಡುತ್ತಾರೆ. "ಮಂಗಳವಾರದ ತನಕಾ ವಿಚಾರ ಮಾಡ್ರಿ. ಅವಸರ ಇಲ್ಲ," ಎಂದಳು.

"ಅದೆಲ್ಲಾ ಯಾಕ ಬೇಕು," ಎಂದ ಪರಾಗ. "ನಂದೇ ತಪ್ಪದ ಕಾಕಾ. ಚಾವಿ ಮನ್ಯಾಗ ಇಟ್ಟ ಹೋಗಬೇಕಿತ್ತು. ಇವತ್ತಿನಿಂದ ಗಾಡಿ ದೊಡ್ಡ ರಸ್ತಾಕ್ಕ ನಿಲ್ಲಸ್ತೀನಿ. ಕಟ್ಟಿಗೆ ಯಾರೂ ಕೈ ಹಚ್ಚೂದು ಬ್ಯಾಡ." ಅಂದವನೇ ಕಾರನ್ನು ಹಿಂದಕ್ಕೆ ತೆಗೆದುಕೊಂಡು ಓಣಿಯ ಹೊರಗೆ ಹೋಗಿಯೇ ಬಿಟ್ಟ.

ಆ ಸಂಜೆ ಓಣಿ ಅಗಲವಾಗಿ ಕಂಡಿತು. ಶಾಂತಲಿಂಗಪ್ಪನವರು ಕಟ್ಟೆಯ ಮೇಲೆ, ದ್ರೌಪದಿಬಾಯಿ ಕೂರುತ್ತಿದ್ದ ಮೂಲೆಯನ್ನು ಬಿಟ್ಟು, ಈಚೆ ಕೂತರು. ಅವರ ಹಿಂದೆ ಗೋಡೆಯಲ್ಲಿ, ಕೂತ ಹೆಂಗಸಿನ ತುರುಬಿನ ಮಟ್ಟಕ್ಕೆ, ಅಂಗೈಯಗಲದ ಕಪ್ಪು ಗುರುತಿತ್ತು. ನಲವತ್ತಾರು ವರ್ಷದ ಕೊಬ್ಬರಿ ಎಣ್ಣೆಯದು. ಪ್ರತಿ ಯುಗಾದಿಗೆ ಸುಣ್ಣ ಬಳಿದರೂ ದಸರೆಯ ಹೊತ್ತಿಗೆ ಅದು ಮತ್ತೆ ಮೂಡುತ್ತಿತ್ತು. ಮಂಗಳವಾರ ಹೋಗಿ ಅರ್ಜಿ ವಾಪಸು ಬರೆದು ಕೊಟ್ಟರಾಯಿತು ಎಂದುಕೊಂಡರು. ಕಟ್ಟೆಯೂ ಉಳಿಯಿತು, ಹಾದಿಯೂ ಆಯಿತು. ದೇವರು ದಾರಿ ತೋರಿದ ಎನ್ನಿಸಿತು.

ಸೋಮವಾರ ಎಂಟು ಗಂಟೆಗೆ ಎದುರುಮನೆಯ ಬಾಗಿಲು ತೆರೆಯಿತು. ದಾಮೋದರರಾಯರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು. ಡಯಾಲಿಸಿಸ್ಸಿನ ದಿನ ಅವರ ಕಾಲು ನೆಲ ಹಿಡಿಯುತ್ತಿರಲಿಲ್ಲ. ಕಾರು ಬಾಗಿಲಲ್ಲಿದ್ದಾಗ ನಾಲ್ಕು ಹೆಜ್ಜೆಯನ್ನು ಸೊಸೆಯ ತೋಳು ಹಿಡಿದು ದಾಟಿಬಿಡುತ್ತಿದ್ದರು. ಈಗ ದೊಡ್ಡ ರಸ್ತೆಗೆ ಇನ್ನೂರು ಹೆಜ್ಜೆ. ಕುರ್ಚಿಯ ಒಂದು ಕೈಯನ್ನು ಪರಾಗ, ಇನ್ನೊಂದನ್ನು ಕೆಲಸಕ್ಕೆ ಹೊರಟಿದ್ದ ಓಂಕಾರ ಹಿಡಿದು ಎತ್ತಿದರು.

ಕಟ್ಟೆಯ ಮುಂದೆ ಬಂದಾಗ ದಾಮೋದರರಾಯರು ಕೈ ಎತ್ತಿ ನಿಲ್ಲಿಸಿದರು. ಹಳದಿಗಟ್ಟಿದ ಮುಖದಲ್ಲಿ ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು. "ನೋಡೋ ಶಾಂತಲಿಂಗಪ್ಪಾ, ನಿಮ್ಮಾಗ ಸತ್ತ ಮ್ಯಾಲ ಕೂಡಿಸಿ ಒಯ್ಯತಾರ. ನಮ್ಮಾಗ ಮಲಗಿಸ್ತಾರ. ನನಗ ನೋಡು, ಜೀವ ಇದ್ದಾಗಲೇ ನಿಮ್ಮ ಮಾನ ಸಿಕ್ಕದ. ಭಜನಿಯವರಷ್ಟ ಬರಬೇಕು."

"ಸುಮ್ಮ ಇರ್ರಿ ಬಾಬಾ," ಎಂದ ಪರಾಗ.

"ದ್ರೌಪದಿವೈನಿ ಇದ್ದಿದ್ದರ ನಗತಿದ್ದಳು," ಎಂದು ದಾಮೋದರರಾಯರು ಮುಂದೆ ಸಾಗಿದರು.

ಶಾಂತಲಿಂಗಪ್ಪನವರು ಎದ್ದು ಅವರ ಹಿಂದೆ ನಡೆದರು. ಯಾಕೆ ಎಂದು ಅವರಿಗೂ ಗೊತ್ತಿರಲಿಲ್ಲ. ಓಣಿಯ ಬಾಯಲ್ಲಿ ಗ್ಯಾಸಿನ ಸಿಲಿಂಡರ್ ಹೊತ್ತ ಗಾಡಿಯೊಂದು ಒಳಗೆ ನುಗ್ಗಿತು. ದಾರಿ ಬಿಡಲು ಓಂಕಾರ ಕಿರಾಣಿ ಅಂಗಡಿಯ ಮೆಟ್ಟಿಲ ಮೇಲೆ ಕಾಲಿಟ್ಟ. ಕುರ್ಚಿ ವಾಲಿತು. ದಾಮೋದರರಾಯರ ತಲೆ ಭುಜದ ಮೇಲೆ ಜಾರಿತು, ಬಿಳಿ ಟೊಪ್ಪಿಗೆ ಕೆಳಗೆ ಬಿತ್ತು. ಶಾಂತಲಿಂಗಪ್ಪನವರ ಎರಡೂ ಕೈ ಮೇಲೆದ್ದವು. ಈ ಸಲ ಮುಟ್ಟಿದವು. ಅವರು ಆ ತಲೆಯನ್ನು ಎರಡೂ ಅಂಗೈಯಲ್ಲಿ ಹಿಡಿದು ನೆಟ್ಟಗೆ ಮಾಡಿ, ಕುರ್ಚಿ ಸಮನಾಗುವವರೆಗೆ ಹಾಗೇ ಹಿಡಿದುಕೊಂಡರು. ಆ ತಲೆ ಅಂಗೈಗೆ ಬೆಚ್ಚಗಿತ್ತು.

"ಬಿದ್ದಿಲ್ಲೋ, ಬಿದ್ದಿಲ್ಲ," ಎಂದರು ದಾಮೋದರರಾಯರು. ಈಗ ಅವರ ಧ್ವನಿಯಲ್ಲಿ ನಗೆ ಇರಲಿಲ್ಲ.

ಶಾಂತಲಿಂಗಪ್ಪನವರು ಗಟಾರಿನ ಅಂಚಿನಿಂದ ಟೊಪ್ಪಿಗೆ ಎತ್ತಿ, ತಮ್ಮ ಧೋತರದ ಸೆರಗಿನಿಂದ ಒರೆಸಿ, ಅವರ ತಲೆಗಿಟ್ಟರು.

ಮರುದಿನ ಕಚೇರಿಯಲ್ಲಿ ದೀಪಾಲಿ ಅವರನ್ನು ನೋಡಿದವಳೇ ವಾಪಸಿನ ಫಾರ್ಮು ತೆಗೆದಿಟ್ಟಳು. "ಇಲ್ಲಿ ಸಹಿ ಮಾಡ್ರಿ ಮುತ್ಯಾ. ಮುಗೀತು."

"ಅದ ಬ್ಯಾಡ. ಕಟ್ಟಿ ಬರಕೊ."

ಅವಳು ತಲೆ ಎತ್ತಿ ನೋಡಿದಳು. "ಇನ್ನೊಮ್ಮೆ ಮನ್ಯಾಗ ಕೇಳ್ರಿ."

"ಕೇಳಬೇಕಾದಾಕೀನೇ ಇಲ್ಲವ್ವಾ. ಬಿಳೀ ಪಟ್ಟಿ ಎಂದ ಹೊಡೀತೀರಿ ಅಷ್ಟ ಹೇಳು."

ನೋಟೀಸಿನಲ್ಲಿ ಏಳು ದಿನದ ಗಡುವಿತ್ತು. ಪಾಲಿಕೆಯ ಜನ ಬರುವುದು ಬೇಡವೆಂದು ಶಾಂತಲಿಂಗಪ್ಪನವರು ತಾವೇ ಗೌಂಡಿ ಸಿದ್ಧರಾಮನನ್ನು ಕರೆಸಿದರು. ಬೆಳಗ್ಗೆ ಪೂಜೆ ಮುಗಿಸಿ ಹೊರಗೆ ಬಂದು, ಕಟ್ಟೆಗೆ ತಂಬಿಗೆ ನೀರು ಹಾಕಿ ತೊಳೆದು, ಮೂಲೆಯ ಫರ್ಶಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಊದಿನಕಡ್ಡಿ ಉರಿದು ಮುಗಿಯುವವರೆಗೆ ಸಿದ್ಧರಾಮ ಸುತ್ತಿಗೆ ಹಿಡಿದು ಸುಮ್ಮನೆ ನಿಂತಿದ್ದ. ನಂದಾ ಬಾಗಿಲಲ್ಲಿ ನಿಂತು ಸೆರಗು ಬಾಯಿಗೆ ಒತ್ತಿಕೊಂಡಳು. ಆ ದಿನ ಓಂಕಾರ ಕೆಲಸಕ್ಕೆ ಹೋಗಲಿಲ್ಲ. ಬಿಡಿಸಿದ ಫರ್ಶಿಗಳನ್ನು ಒಂದೊಂದಾಗಿ ಹಿತ್ತಲಿಗೆ ಹೊತ್ತ. ಮಧ್ಯಾಹ್ನ ದೊಡ್ಡ ಕಲ್ಲೊಂದಕ್ಕೆ ಅವನು ಒಬ್ಬನೇ ಕೈ ಹಾಕಿದಾಗ ಶಾಂತಲಿಂಗಪ್ಪನವರು ಇನ್ನೊಂದು ತುದಿ ಹಿಡಿದು, "ಸಮ ಹಿಡಿ," ಎಂದರು.

ಸಂಜೆಯ ಹೊತ್ತಿಗೆ ಕಟ್ಟೆ ಇದ್ದ ಕಡೆ ಹಸಿ ಮಣ್ಣು ಕಂಡಿತು. ಗೋಡೆಯ ಬುಡದಲ್ಲಿ ಎರಡು ಫೂಟಿನವರೆಗೆ ಗಾರೆ ಕಿತ್ತು ಒಳಗಿನ ಇಟ್ಟಿಗೆ ಹೊರಬಿದ್ದಿತ್ತು. ಸಿದ್ಧರಾಮ ಅದಕ್ಕೆ ಗಾರೆ ಬಳಿದು, ಸುಣ್ಣದ ಬಕೀಟಿನಲ್ಲಿ ಕುಂಚ ಅದ್ದಿದ.

"ಅಜ್ಜಾ, ಪೂರಾ ಗ್ವಾಡಿಗೇ ಹೊಡೀಲೇನ್ರಿ? ಮ್ಯಾಲ ಅಲ್ಲಿ ಎಣ್ಣಿ ಕಲಿ ಆಗೇದ."

"ಕೆಳಗಷ್ಟ ಹೊಡಿ."

ಓಣಿಯ ಬಾಯಿಂದ ಪರಾಗನ ಕಾರು ಕನ್ನಡಿ ಮಡಿಚಿಕೊಂಡು ನಿಧಾನವಾಗಿ ಒಳಗೆ ಬಂತು. ಅದಕ್ಕೆ ದಾರಿ ಬಿಡಲು ಶಾಂತಲಿಂಗಪ್ಪನವರು ಗೋಡೆಗೆ ಸರಿದು ನಿಂತರು. ಕೆಳಗೆ ಸುಣ್ಣ ಇನ್ನೂ ಆರಿರಲಿಲ್ಲ. ಅದರ ಮೇಲೆ, ಬರಿಯ ಗೋಡೆಯಲ್ಲಿ, ಆ ಕಪ್ಪು ಗುರುತು ಅವರ ಎದೆಯ ಮಟ್ಟಕ್ಕಿತ್ತು.