ದೊಡ್ಡಪ್ಪನಿಗೆ ಹೊಸ ಎಂಜಿನ್

ಹೊರಡುವ ಮೊದಲು ಅತ್ತೆ ನನ್ನನ್ನು ಅಡುಗೆಮನೆಗೆ ಕರೆದರು. ನೀನೂ ಜೊತೆಗೆ ಹೋಗು, ಪಕ್ಕದಲ್ಲಿ ನೀನು ಕೂತಿದ್ದರೆ ನಿನ್ನ ಮೈದುನ ಕಾರನ್ನು ಹುಚ್ಚಾಪಟ್ಟೆ ಓಡಿಸುವುದಿಲ್ಲ ಎಂದರು. ಆಮೇಲೆ ಒಲೆಯ ಕಡೆ ತಿರುಗಿಕೊಂಡು, "ನನಗೆ ಉಳಿದಿರೋದು ಇವನೊಬ್ಬ ಕಣೇ. ಹೇಗೆ ಹೋದ್ನೋ ಹಾಗೇ ವಾಪಸ್ ಕರ್ಕೊಂಡ್ ಬಾ," ಎಂದರು.

ಆಗಲಿ ಎಂದೆ. ಆ ದಿನಗಳಲ್ಲಿ ನಾನು ಎಲ್ಲದಕ್ಕೂ ಆಗಲಿ ಎನ್ನುತ್ತಿದ್ದೆ.

ಕಾರು ಮಾವನವರ ಕಾಲದ್ದು. ಉದ್ದಕ್ಕೂ ಅಗಲಕ್ಕೂ ಧಾರಾಳವಾದ ಸೆಡಾನ್. ಎಂಜಿನ್ ಮುಂದೆ, ಅದು ತಿರುಗಿಸುವುದು ಹಿಂದಿನ ಚಕ್ರಗಳನ್ನು. ಮನೆಯಲ್ಲಿ ಅದಕ್ಕೆ ದೊಡ್ಡಪ್ಪ ಎಂದೇ ಹೆಸರು. ಏರು ಕಂಡರೆ ಏದುಸಿರು, ಪೆಟ್ರೋಲಿಗೆ ಮಾತ್ರ ಎಲ್ಲರಿಗಿಂತ ಮುಂದೆ, ಬುದ್ಧಿ ಹೇಳಲು ಹೋದರೆ ಮುನಿಸು ಎಂದು ನನ್ನ ಗಂಡ ನಗುತ್ತಿದ್ದರು. ಅದರ ಆರು ಸಿಲಿಂಡರಿನ ಎಂಜಿನ್ ತೆಗೆದು ಎಂಟು ಸಿಲಿಂಡರಿನದನ್ನು ಕೂರಿಸಬೇಕೆಂಬುದು ಅವರ ಬಹಳ ದಿನದ ಆಸೆ. ಗುಜರಿಗೆ ಹೊರಟಿದ್ದ ಇನ್ನೊಂದು ಕಾರಿನಿಂದ ಎಂಜಿನ್ ತಂದರು. ಬಿಚ್ಚಿದರು, ತೊಳೆದರು, ಮತ್ತೆ ಜೋಡಿಸಿದರು. ಚೈನ್ ಪುಲ್ಲಿಗೆ ನೇತುಹಾಕಿ ಅದನ್ನು ಕಾರಿನೊಳಕ್ಕೆ ಇಳಿಸಿದ್ದೂ ಆಯಿತು. ಆಮೇಲೆ ಜ್ವರ ಬಂತು. ಆಸ್ಪತ್ರೆಗೆ ಹೋದವರು ಮನೆಗೆ ಬರಲಿಲ್ಲ.

ಉಳಿದ ಕೆಲಸ ಮೈದುನನ ಪಾಲಿಗೆ ಬಂತು. ಅವನು ಕಾರು ಕಂಪನಿಯೊಂದರ ವರ್ಕ್‌ಶಾಪಿನಲ್ಲಿ ಮೆಕ್ಯಾನಿಕ್. ರಜೆ ಸಿಕ್ಕಾಗಲೆಲ್ಲ ಬಂದು ರೇಡಿಯೇಟರ್, ವೈರಿಂಗ್, ಹೊಗೆ ಕೊಳವೆ, ಹೊಸ ಬ್ರೇಕು ಎಲ್ಲ ಕೂರಿಸಿದ. ಅಣ್ಣನ ಕೆಲಸ ಅರ್ಧಕ್ಕೆ ನಿಲ್ಲಬಾರದು ಎನ್ನುವುದೊಂದೇ ಅವನ ಮಾತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಶೆಡ್ಡಿಗೆ ಕಾಲಿಡಲಿಲ್ಲ.

ಎಲ್ಲ ಮುಗಿದು ಹೊಸ ಎಂಜಿನ್ ಪರೀಕ್ಷಿಸಲು ಹೊರಟ ಆ ದಿನ, ಊರೊಳಗೆ ಅವನು ಹುಷಾರಾಗಿಯೇ ಓಡಿಸಿದ. ಸದ್ದು ಕೇಳಿ ಅಂಗಡಿಗಳವರು ತಿರುಗಿ ನೋಡಿದರು. ಮುದುಕನಿಗೆ ಪೈಲ್ವಾನನ ಎದೆ ಹಾಕಿದ ಹಾಗಾಯಿತು, ಇನ್ನು ಹೆಣ್ಣು ನೋಡಲು ಹೊರಡುತ್ತಾನೋ ಏನೋ ಎಂದು ಮೈದುನ ತಾನೇ ನಕ್ಕ. ನನಗೂ ನಗಬೇಕೆನಿಸಿತು, ಆದರೆ ನಗು ಮುಖದವರೆಗೆ ಬರಲಿಲ್ಲ.

ಊರು ದಾಟಿದ ಮೇಲೆ ಗುಡ್ಡದ ರಸ್ತೆ. ಒಂದು ಕಡೆ ಕಡಿದ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಗೋಡೆ, ಅದರಾಚೆ ಇಳಿಜಾರು. ಏರು ಶುರುವಾದಲ್ಲಿ ಸ್ವಲ್ಪ ಒತ್ತಲಾ ಎಂದು ಕೇಳಿದ. ಕೇಳುತ್ತಲೇ ಒತ್ತಿದ. ಬೆನ್ನು ಸೀಟಿಗೆ ಅಂಟಿತು. ಅದೇ ಹೊತ್ತಿಗೆ ಮುಂದಿನಿಂದ, ಯಾರೋ ಒಳಗಡೆಯಿಂದ ಬಾಗಿಲು ಗುದ್ದಿದ ಹಾಗೆ, ಒಂದು ಸದ್ದು.

ಹೊಗೆ ಕೊಳವೆ ಎಲ್ಲೋ ತಾಗುತ್ತಿರಬೇಕು, ಮನೆಗೆ ಹೋಗಿ ನೋಡುತ್ತೇನೆ ಎಂದ. ತಾನು ಹಾಕಿದ್ದನ್ನೆಲ್ಲ ಎರಡೆರಡು ಸಲ ಬಿಗಿ ಮಾಡಿದ್ದೇನೆ, ಅದು ಬಿಟ್ಟು ಬೇರೆ ಏನೂ ಇರಲಾರದು ಎಂದ.

"ಅಣ್ಣ ಬಿಗಿ ಮಾಡಿದ್ದನ್ನ ಮಾತ್ರ ನಾನು ಮುಟ್ಟಿಲ್ಲ ಅತ್ತಿಗೆ. ಸೀಮೆಸುಣ್ಣದ ಗೆರೆ ಎಳೆದಿಟ್ಟಿದ್ದ. ಅವನ ಕೈ ಬಿದ್ದಿದ್ದು ಹಾಗೇ ಇರ್ಲಿ ಅಂತ ಬಿಟ್ಟೆ."

ಅವನ ವರ್ಕ್‌ಶಾಪಿನಲ್ಲಿ ಬಿಗಿ ಮಾಡಿದ ಪ್ರತಿ ಬೋಲ್ಟಿನ ಮೇಲೂ ಒಂದು ಗೆರೆ ಎಳೆಯುತ್ತಾರೆ. ಗೆರೆ ಇದ್ದರೆ ಆಯಿತು ಎಂದರ್ಥ. ನನ್ನ ಗಂಡ ಯಾವ ವರ್ಕ್‌ಶಾಪಿನಲ್ಲೂ ಕಲಿತವರಲ್ಲ. ನಾನು ಕಾಲೇಜಿನ ಉತ್ತರ ಪತ್ರಿಕೆ ತಿದ್ದುವಾಗ ಅವರು ಎದುರಿಗೆ ಕೂತು ಟೀ ಕುಡಿಯುತ್ತಿದ್ದರು. ಸರಿಯಾಗಿರುವ ಕಡೆ ನಾನು ಏನೂ ಬರೆಯುತ್ತಿರಲಿಲ್ಲ, ಕೊರತೆ ಇದ್ದ ಕಡೆ ಮಾತ್ರ ಅಂಚಿನಲ್ಲಿ ಒಂದು ಗೆರೆ. ಇದೇ ಸರಿಯಾದ ಪದ್ಧತಿ ಎಂದು ನನ್ನ ಚೀಲದಿಂದ ಸೀಮೆಸುಣ್ಣ ತೆಗೆದುಕೊಂಡು ಶೆಡ್ಡಿಗೆ ಹೋದರು. ಬಾಕಿ ಇರುವ ಬೋಲ್ಟಿಗೆ ಗೆರೆ, ಬಿಗಿಯಾದ ಮೇಲೆ ಹೆಬ್ಬೆರಳಿನಿಂದ ಒರೆಸುವುದು. ಸಂಜೆ ಊಟಕ್ಕೆ ಬರುವಾಗ ಅವರ ಹೆಬ್ಬೆರಳು ಬೆಳ್ಳಗಿರುತ್ತಿತ್ತು.

"ಯಾವ ಬೋಲ್ಟು?" ಎಂದೆ.

"ಎಂಜಿನ್ ಕೂತಿರೋ ಮೌಂಟಿಂದು. ನಾಲ್ಕೂ."

"ನಿಲ್ಲಿಸು. ಅವು ಬಿಗಿಯಾಗಿಲ್ಲ. ಅವರು ಗೆರೆ ಎಳೀತಿದ್ದದ್ದು ಬಾಕಿ ಇರೋದಕ್ಕೆ."

ನಾನು ಅದನ್ನು ಹೇಳಿ ಮುಗಿಸುವ ಹೊತ್ತಿಗೆ ಅವನು ಮರಳಿನ ಲಾರಿಯೊಂದನ್ನು ಹಿಂದೆ ಹಾಕಲು ಬಲಕ್ಕೆ ಬಂದು ಪೂರ್ತಿ ಒತ್ತಿಯಾಗಿತ್ತು. ಮತ್ತೆ ಆ ಗುದ್ದು, ಈ ಸಲ ಬಾನೆಟ್ ಅದುರುವಷ್ಟು. ಲಾರಿ ಹಿಂದೆ ಬಿತ್ತು. ಅವನು ಎಡಕ್ಕೆ ಬಂದ. ಕಾರು ನಿಧಾನವಾಗಲಿಲ್ಲ.

"ಕಾಲು ತೆಗ್ದಿದೀನಿ," ಎಂದ. ಅವನ ದನಿ ತೀರಾ ಸಣ್ಣದಾಗಿತ್ತು. "ಅತ್ತಿಗೆ, ನಾನು ಕಾಲು ತೆಗ್ದಿದೀನಿ."

ಎಂಜಿನ್ನಿನ ಒಂದು ಮಗ್ಗುಲು ಮೇಲಕ್ಕೆದ್ದು ಆಕ್ಸಿಲರೇಟರಿನ ತಂತಿಯನ್ನು ತಾನೇ ಎಳೆದು ಹಿಡಿದಿತ್ತು. ಅದು ನಮಗೆ ತಿಳಿದದ್ದು ಆಮೇಲೆ. ಆಗ ಕಂಡದ್ದು ಮುಂದಿನ ತಿರುವು, ಅಲ್ಲಿ ಮುರಿದು ಬಿದ್ದ ಗೋಡೆ. ಅವನು ಬ್ರೇಕಿನ ಮೇಲೆ ನಿಂತೇಬಿಟ್ಟ. ಬ್ರೇಕು ಹಿಡಿಯುತ್ತಿತ್ತು, ಎಂಜಿನ್ ನೂಕುತ್ತಿತ್ತು, ಸುಟ್ಟ ವಾಸನೆ ಒಳಗೆ ತುಂಬಿತು. ಅವನ ಎರಡು ಕೈಯೂ ಸ್ಟೀರಿಂಗಿನ ಮೇಲಿದ್ದವು. ಬಿಡುವ ಹಾಗಿರಲಿಲ್ಲ.

ನಾನು ಓಡಿಸಲು ಕಲಿತದ್ದು ಇದೇ ಕಾರಿನಲ್ಲಿ. ಕ್ಲಚ್ಚಿಲ್ಲದ ಗಾಡಿ. ಗೇರಿನ ಹಿಡಿಯನ್ನು ಅಂಗೈಯಿಂದ ಮುಂದಕ್ಕೆ ತಳ್ಳಿದರೆ ಸಾಕು, ನ್ಯೂಟ್ರಲ್. ತಳ್ಳಿದೆ.

ಎಂಜಿನ್ ಒಮ್ಮೆ ಕಿರುಚಿತು. ಆಮೇಲೆ, ಚಕ್ರ ನೂಕುವ ಕೆಲಸ ತಪ್ಪಿದ್ದರಿಂದ, ಧಡ್ ಎಂದು ತನ್ನ ಜಾಗದಲ್ಲಿ ಕೂತು ಸುಮ್ಮನಾಯಿತು. ತಿರುವಿನಲ್ಲಿ ಹಿಂದಿನ ಚಕ್ರಗಳು ಜಲ್ಲಿಗೆ ಜಾರಿ, ಮತ್ತೆ ರಸ್ತೆಗೆ ಬಂದವು. ಏರು ನಮ್ಮನ್ನು ಹಿಡಿದು ನಿಲ್ಲಿಸಿತು. ಮರಳಿನ ಲಾರಿಯವನು ಪಕ್ಕದಲ್ಲಿ ಹಾದುಹೋಗುತ್ತ, ಮನೆಯಲ್ಲಿ ಹೇಳಿ ಬಂದಿದ್ದೀಯೇನೋ ಎಂದು ಬೈದುಹೋದ.

ಮೈದುನ ಬಾನೆಟ್ ಎತ್ತಿದ. ಕೈ ಒಳಗೆ ಹಾಕಿ ಬೋಲ್ಟೊಂದನ್ನು ಎರಡು ಬೆರಳಲ್ಲಿ ತಿರುಗಿಸಿದ. ಅದು ತಿರುಗಿತು. ರಸ್ತೆಯಂಚಿನಲ್ಲಿ ಕುಕ್ಕರಿಸಿದ.

"ಪ್ರತಿ ಸಲ ಇದರ ಮೇಲೆ ಕೈ ಇಟ್ಟೇ ಕೆಲಸ ಶುರು ಮಾಡ್ತಿದ್ದೆ," ಎಂದ. "ಬರೀ ಇಟ್ಟೆ. ತಿರುಗಿಸಿ ನೋಡ್ಲಿಲ್ಲ."

ಡಿಕ್ಕಿಯಿಂದ ಸ್ಪ್ಯಾನರ್ ತಂದು ಕೊಟ್ಟೆ. ನಾಲ್ಕನ್ನೂ ಬಿಗಿ ಮಾಡಿದ. ಕೊನೆಯದಕ್ಕೆ ಮೈಭಾರವನ್ನೆಲ್ಲ ಹಾಕಿದ. ಆಮೇಲೆ, ಯಾರನ್ನಾದರೂ ಕರೆಸಿ ಎಳೆಸಿಕೊಂಡು ಹೋಗೋಣ, ಹಳೇ ಎಂಜಿನ್ನೇ ಮತ್ತೆ ಹಾಕುತ್ತೇನೆ, ಮೌಂಟಿನ ರಬ್ಬರು ಹರಿದಿದ್ದರೆ ಬೋಲ್ಟು ಬಿಗಿಯಾಗಿದ್ದೂ ದಂಡ ಎಂದ.

ಹರಿದಿದೆಯೋ ಇಲ್ಲವೋ ಹೇಗೆ ತಿಳಿಯುವುದು ಎಂದು ಕೇಳಿದೆ. ಒಬ್ಬರು ಬ್ರೇಕು ಒತ್ತಿ ಹಿಡಿದು, ಗೇರಿಗೆ ಹಾಕಿ, ಆಕ್ಸಿಲರೇಟರ್ ಕೊಡಬೇಕು, ಇನ್ನೊಬ್ಬರು ಪಕ್ಕದಲ್ಲಿ ನಿಂತು ಎಂಜಿನ್ ಏಳುತ್ತದೆಯೇ ನೋಡಬೇಕು ಎಂದ. ಹೇಳುವಾಗ ಅವನು ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದ. ಆ ಸೀಟಿನಲ್ಲಿ ಇನ್ನು ಕೂರಲಾರೆ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

"ನೀನು ನೋಡು. ನಾನು ಕೂರ್ತೀನಿ," ಎಂದೆ. "ಎದುರಿಗೆ ಮಾತ್ರ ನಿಲ್ಲಬೇಡ."

ಚಕ್ರಗಳ ಮುಂದೆ ಕಲ್ಲಿಟ್ಟು ಅವನು ಎಡಕ್ಕೆ ಸರಿದ. ಎತ್ತಿದ ಬಾನೆಟ್ ಅಡ್ಡವಾಗಿ ನನಗೆ ಅವನು ಕಾಣುತ್ತಿರಲಿಲ್ಲ. ರಸ್ತೆಯೂ ಕಾಣುತ್ತಿರಲಿಲ್ಲ. ಎಡಗಾಲಿನಿಂದ ಬ್ರೇಕನ್ನು ನೆಲಕ್ಕೆ ಒತ್ತಿ, ಗೇರಿಗೆ ಹಾಕಿ, ಬಲಗಾಲು ಇಟ್ಟೆ. ಕಾರಿನ ಹಿಂಭಾಗ ತಗ್ಗಿತು.

"ಇನ್ನೂ ಸ್ವಲ್ಪ ಕೊಡಿ," ಎಂದ.

ಕೊಟ್ಟೆ. ಕಲ್ಲೊಂದು ಚಕ್ರದಡಿ ಕಿರ್ ಎಂದಿತು. ನಾನು ಕಾಲು ತೆಗೆಯಲಿಲ್ಲ.

"ಕೂತಿದೆ," ಎಂದ. "ಅಲ್ಲಾಡ್ತಿಲ್ಲ ಅತ್ತಿಗೆ. ಸಾಕು."

ಕಾಲು ತೆಗೆದೆ. ಸದ್ದು ಇಳಿಯಿತು. ಅವನು ಕಲ್ಲು ಸರಿಸಿ, ಬಾನೆಟ್ ಮುಚ್ಚಿ, ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತು ಬಾಗಿಲೆಳೆದುಕೊಂಡ. ನಾನು ಕಾರನ್ನು ಊರಿನ ಕಡೆಗೆ ತಿರುಗಿಸಿದೆ.