ಆರನೇ ನಂಬರಿನ ಬೂಟು

"ಏ ಬಾತುಕೋಳಿ, ಕಾಲೆತ್ತಿ ಇಡೇ! ಗಿರಾಕಿಗಳು ಬಂದಿರೋದು ಬೂಟು ನೋಡೋಕೆ, ನಿನ್ನ ಕುಂಟಾಟ ನೋಡೋಕಲ್ಲ."

ಮೇಲ್ವಿಚಾರಕ ಇದನ್ನು ಹೇಳಿದ್ದು ನಾಲ್ಕು ಜನ ಗಿರಾಕಿಗಳ ಮುಂದೆ. ಬೂಟಿನ ಡಬ್ಬಗಳನ್ನು ಗದ್ದದವರೆಗೆ ಪೇರಿಸಿಕೊಂಡು ಬರುತ್ತಿದ್ದ ಅವಳು ನಕ್ಕಳು. ಬೈದವನ ಜೊತೆ ಸೇರಿ ನಕ್ಕುಬಿಟ್ಟರೆ ಬೈಗುಳ ಬೇಗ ಮುಗಿಯುತ್ತದೆ. ಎಂಟು ತಿಂಗಳಲ್ಲಿ ಈ ಅಂಗಡಿ ಅವಳಿಗೆ ಕಲಿಸಿದ ವಿದ್ಯೆ ಇದು.

ಇನ್ನೊಂದು ವಿದ್ಯೆಯನ್ನೂ ಕಲಿಸಿತ್ತು. ಅವಳನ್ನು ಹಾಕಿದ್ದು ಕಾಲುನೋವಿನವರಿಗಾಗಿ ಮಾಡಿದ ಮೆತ್ತನೆ ಚಪ್ಪಲಿ ಮಾರುವ ಜಾಗಕ್ಕೆ. ಗಿರಾಕಿ ಬೆಂಚಿನ ಮೇಲೆ, ಅವಳು ನೆಲದ ಮೇಲೆ ಮಂಡಿಯೂರಿ. ಬಂದ ಹೆಂಗಸಿನ ಪಾದವನ್ನು ಅಂಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿದರೂ ತಪ್ಪದ ಹಾಗೆ ಶುರುಮಾಡುತ್ತಿದ್ದಳು.

"ಬೆಳಿಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗ ಹಿಮ್ಮಡಿಗೆ ಮೊಳೆ ಹೊಡೆದ ಹಾಗಾಗುತ್ತಾ ಅಮ್ಮ? ಅಂಗಾಲಿನ ನಾರು ಬಿಗಿದುಕೊಂಡಿರುತ್ತೆ. ಗಟ್ಟಿ ನೆಲದ ಮೇಲೆ ತುಂಬಾ ಹೊತ್ತು ನಿಂತ್ರೆ ಹಾಗೆ. ತಣ್ಣನೆ ನೀರಿನ ಬಾಟ್ಲಿ ಮೇಲೆ ಅಂಗಾಲು ಉರುಳಿಸಿ. ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೀರಿ. ಬೆರಳಿನ ಬುಡದ ಮೂಳೆ ಹೊರಗೆ ಬಂದಿದ್ರೆ ಚೂಪು ಮೂತಿ ಬೂಟು ಮುಟ್ಟಲೇಬೇಡಿ. ಎಲ್ಲಕ್ಕಿಂತ ಮೊದಲು, ಕೂತ್ಕೊಳ್ಳಿ. ಕಾಲಿಗೆ ಬಿಡುವು ಕೊಡಿ."

"ಡಾಕ್ಟ್ರಿಗಿಂತ ಚೆನ್ನಾಗಿ ಹೇಳ್ತೀಯಲ್ಲೇ! ನಿನಗೂ ಇತ್ತಾ?"

"ಅಯ್ಯೋ, ಇಲ್ಲಮ್ಮ. ನನಗ್ಯಾಕೆ ಬರುತ್ತೆ?"

ಅವತ್ತು ಬೆಳಿಗ್ಗೆಯೂ ಅವಳು ಹಾಸಿಗೆಯಿಂದ ಬಚ್ಚಲಿಗೆ ಹೋದದ್ದು ಅಂಬೆಗಾಲಿನಲ್ಲಿ. ಹತ್ತು ವರ್ಷದ ಮಗಳು ಕಣ್ಣು ಬಿಟ್ಟು ನೋಡುತ್ತಿದ್ದಳು. "ಓಲೆ ಬಿದ್ದೋಗಿದೆ, ಹುಡುಕ್ತಿದ್ದೀನಿ ಪುಟ್ಟಿ" ಎಂದಳು. ಎರಡು ಕಿವಿಯಲ್ಲೂ ಓಲೆ ಇತ್ತು. ಮಗಳು ಅದನ್ನು ನೋಡಿ ಗೋಡೆ ಕಡೆ ತಿರುಗಿ ಮಲಗಿದಳು. ಮಗುವಿಗೆ ಅಷ್ಟು ಬುದ್ಧಿ ಬಂದಿದೆಯಲ್ಲ ಎಂದು ಅವಳಿಗೆ ನಾಚಿಕೆಯಾಯಿತು.

ಈ ನೋವನ್ನು ಅವಳು ತಾನೇ ತಂದುಕೊಂಡದ್ದು. ಕೆಲಸಕ್ಕೆ ಸೇರಿದ ದಿನ ಹೆಂಗಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಯಜಮಾನ ಹೇಳಿದ್ದ: "ಕೆಲಸದ ಹೆಂಗಸರಿಗೆ ತರಿಸಿರೋ ಬೂಟು ಆರನೇ ನಂಬರಿನವರೆಗೆ. ಎಮ್ಮೆ ಕಾಲಿನವರು ಸಾಲು ಬಿಡಿ." ಅವಳದು ಇಟ್ಟಿಗೆ ಹೊತ್ತ ಕಾಲು. ಬೆರಳುಗಳು ಬಿಚ್ಚಿಕೊಂಡು ಪಾದ ಮೊರದಷ್ಟು ಅಗಲವಾಗಿತ್ತು. ಗಂಡ ಬಿಟ್ಟುಹೋಗಿದ್ದ, ತಲೆಯ ಮೇಲೆ ಇನ್ನೂ ಇಟ್ಟಿಗೆ ಹೊರಲು ಕತ್ತಿನಲ್ಲಿ ಶಕ್ತಿ ಇರಲಿಲ್ಲ. ಅವಳ ಸರದಿ ಬಂದಾಗ "ಆರು" ಎಂದಳು. ಚೂಪು ಮೂತಿಯ ಆ ಕಪ್ಪು ಬೂಟನ್ನು ಮನೆಗೆ ಒಯ್ಯುವ ಹಾಗಿರಲಿಲ್ಲ. ಬೆಳಿಗ್ಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ ಹಲ್ಲು ಕಚ್ಚಿ ಹಾಕಿಕೊಳ್ಳಬೇಕು, ಸಂಜೆ ಅಲ್ಲೇ ಬಿಚ್ಚಿಡಬೇಕು.

ಹಾಗಾಗಿ ಅವಳ ಅಪ್ಪ ಆ ಬೂಟನ್ನು ಕಂಡಿರಲಿಲ್ಲ. ಕಂಡಿದ್ದರೆ ಒಂದೇ ನೋಟಕ್ಕೆ ಹೇಳಿಬಿಡುತ್ತಿದ್ದ. ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಗೋಣಿ ಹಾಸಿಕೊಂಡು ನಲವತ್ತು ವರ್ಷದಿಂದ ಚಪ್ಪಲಿ ಹೊಲಿಯುತ್ತಿದ್ದ ಮುದುಕ ಅವನೇ. ಅವಳ ಅಗಲ ಪಾದಕ್ಕೆ ಹುಟ್ಟಿದಾಗಿನಿಂದ ಸರಿಹೊಂದಿದ ಚಪ್ಪಲಿಗಳೆಲ್ಲ ಅವನ ಕೈಯವು.

ಇದು ಅಂಗಡಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೇಳೋಣ ಎಂದುಕೊಂಡ ವಾರವೇ ಮೇಲ್ವಿಚಾರಕ ಗಾಜಿನ ಬಾಗಿಲಿನಿಂದ ಕೈ ತೋರಿಸಿದ್ದ. "ಆ ಮುದಿಯನಿಗೆ ಹೇಳು, ನಮ್ಮ ಬಾಗಿಲಿಗೆ ನೇರ ಕೂರ್ಬೇಡ ಅಂತ. ಹಳೇ ಚಪ್ಪಲಿ ವಾಸನೆಗೆ ಒಳ್ಳೆ ಮನೆತನದವರು ಒಳಗೆ ಬರ್ತಾರಾ?"

ಬೂಟು ಕಾಣದ ಹಾಗೆ ಸೀರೆಯ ನೆರಿಗೆ ಇಳಿಬಿಟ್ಟುಕೊಂಡು ಅವಳು ರಸ್ತೆ ದಾಟಿದಳು. ಮೇಲ್ವಿಚಾರಕ ನೋಡುತ್ತಿದ್ದ. "ಅಜ್ಜ, ಸ್ವಲ್ಪ ಪಕ್ಕಕ್ಕೆ ಹೋಗಬೇಕಂತೆ" ಎಂದಳು. ಅಪ್ಪ ತಲೆ ಎತ್ತಿದ. ಅವಳ ಮುಖ ನೋಡಿದ, ಅವಳ ಹಿಂದೆ ಗಾಜಿನಾಚೆ ನಿಂತವನನ್ನು ನೋಡಿದ.

"ಆಗಲಿ ಮೇಡಂ" ಎಂದು ಗೋಣಿ ಎಳೆದುಕೊಂಡು ಕಂಬದ ಆಚೆ ಹೋದ.

ಆ 'ಮೇಡಂ' ಇವತ್ತಿಗೂ ಅವಳ ಕಿವಿಯಲ್ಲಿದೆ. ಅಂದು ಸಂಜೆ ಮನೆಯಲ್ಲಿ ಅಪ್ಪ ಅದರ ಮಾತೇ ಎತ್ತಲಿಲ್ಲ. ಉಪ್ಪು ಹಾಕಿದ ಬಿಸಿನೀರಿನ ಬೋಗುಣಿ ತಂದು ಅವಳ ಮುಂದಿಟ್ಟ, ಅಷ್ಟೇ. "ನಡಿಗೆ ನೋಡಿದೆ. ಕಾಲು ಎಳೀತಿದ್ದೀಯ. ಏನು ಹಾಕಿಸ್ತಾರೆ ಅಲ್ಲಿ?" ಎಂದ. "ಬೂಟು ಚೆನ್ನಾಗೇ ಇದೆ ಅಪ್ಪ. ನಿಂತೂ ನಿಂತೂ ಹೀಗೆ" ಎಂದಳು. ಅದರಲ್ಲಿ ಅರ್ಧ ನಿಜವಿತ್ತು.

ಹೀಗಿರುವಾಗ ಒಂದು ಭಾನುವಾರ ಅಂಗಡಿಯಲ್ಲಿ ಉಚಿತ ಪಾದ ತಪಾಸಣೆ. ಬಾಗಿಲಿಗೆ ಎರಡು ಧ್ವನಿವರ್ಧಕ ಕಟ್ಟಿ, ಬೀದಿಯವರನ್ನೆಲ್ಲ ಕರೆಯುತ್ತಿದ್ದರು. ಡಾಕ್ಟರು ಬಂದರು. ಜನವೂ ಸೇರಿತು. ಆದರೆ ಎಲ್ಲರೆದುರು ಕಾಲು ತೋರಿಸಲು ಯಾರೂ ಮುಂದೆ ಬರಲಿಲ್ಲ. ಮರ್ಯಾದಸ್ಥರು ನೋವನ್ನು ಕಾಲುಚೀಲದೊಳಗೇ ಇಟ್ಟುಕೊಳ್ಳುತ್ತಾರೆ.

ಯಜಮಾನ ಸುತ್ತ ನೋಡಿ ಬೆರಳು ಮಾಡಿದ. "ಬಾತುಕೋಳಿ, ಬಾ ಇಲ್ಲಿ. ಕೂತ್ಕೋ. ಬೂಟು ಬಿಚ್ಚು."

ಎಂಟು ತಿಂಗಳಲ್ಲಿ ಆ ಬೆಂಚಿನ ಮೇಲೆ ಅವಳು ಕೂತದ್ದು ಅದೇ ಮೊದಲು. ಮೆತ್ತಗಿತ್ತು. ಬೂಟು ಬಿಚ್ಚಿದಳು. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು, ಬುಡದ ಮೂಳೆ ಗೋಲಿಯಷ್ಟು ಉಬ್ಬಿತ್ತು, ಕಿರುಬೆರಳು ಪಕ್ಕದ್ದರ ಅಡಿಗೆ ಸೇರಿಕೊಂಡಿತ್ತು. ಬೆವರಿನ ವಾಸನೆ ಎದ್ದಿತು. ಮುಂದೆ ನಿಂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ಹಿಂದೆ ಯಾರೋ ಫೋನ್ ಎತ್ತಿ ಫೋಟೋ ತೆಗೆದರು. ಸೀರೆಯ ನೆರಿಗೆ ಎಳೆದು ಪಾದ ಮುಚ್ಚಲು ಹೋದರೆ ಯಜಮಾನ ನೆರಿಗೆಯನ್ನು ಕೈಯಲ್ಲಿದ್ದ ಕಡ್ಡಿಯಿಂದ ಸರಿಸಿದ.

"ನೋಡಿ ಸ್ವಾಮಿ! ಬೀದೀಲಿ ಹೊಲಿದ ಅಗ್ಗದ ಚಪ್ಪಲಿ ಹಾಕಿದ್ರೆ ಕಾಲು ಹೀಗಾಗುತ್ತೆ." ಮೈಕನ್ನು ಅವಳ ಬಾಯಿಗೆ ಹಿಡಿದ. "ಹೇಳಮ್ಮ, ಮೊದಲು ಎಂಥ ಚಪ್ಪಲಿ ಹಾಕ್ತಿದ್ದೆ?"

ಅವಳು ನೆಲ ನೋಡಿದಳು. "ಬೀದಿ... ಬೀದಿ ಬದೀದು."

"ಅದರಿಂದಾನೇ ಹೀಗಾಯ್ತಾ?"

ಯಜಮಾನನ ಕಣ್ಣು ಅವಳ ಮೇಲಿತ್ತು. ಮಗಳ ಶಾಲೆ, ಮನೆ ಬಾಡಿಗೆ, ಇಟ್ಟಿಗೆಯ ರಾಶಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು.

"ಹೌದು."

ತನ್ನದೇ ದನಿ ಬೀದಿಯಲ್ಲಿ ದೊಡ್ಡದಾಗಿ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಡಾಕ್ಟರು ಅವಳ ಹಿಮ್ಮಡಿ ಒತ್ತಿ, ಹುಬ್ಬು ಗಂಟಿಕ್ಕಿ, "ಇದು ಅಷ್ಟು ಹಳೇ ನೋವಲ್ಲ. ಈಗ ಹಾಕೋ ಬೂಟು ತೋರ್ಸಮ್ಮ" ಎಂದರು. ಯಜಮಾನ ಆ ಬೂಟನ್ನು ಕಾಲಿನಿಂದ ಬೆಂಚಿನಡಿ ತಳ್ಳಿ, "ಡಾಕ್ಟ್ರೇ, ಟೀ ಆರಿಹೋಗುತ್ತೆ, ಬನ್ನಿ" ಎಂದು ಅವರನ್ನು ಒಳಗೆ ಕರೆದೊಯ್ದ. ಮೈಕು ಮೇಜಿನ ಮೇಲೆ ಉಳಿಯಿತು.

ಅವಳು ತಲೆ ಎತ್ತಿ ಗಾಜಿನಾಚೆ ನೋಡಿದಳು. ಕಂಬದ ಹತ್ತಿರ ಸುತ್ತಿಗೆಯ ಸದ್ದಿರಲಿಲ್ಲ. ಅಪ್ಪ ಉಳಿ, ದಾರ, ಚರ್ಮದ ಚೂರುಗಳನ್ನು ಒಂದೊಂದಾಗಿ ಚೀಲಕ್ಕೆ ಹಾಕುತ್ತಿದ್ದ. ನಡುಮಧ್ಯಾಹ್ನ. ಸಂಜೆಯಾಗದೆ ಅವನು ಗೋಣಿ ಮಡಿಸಿದ್ದನ್ನು ಅವಳು ಹುಟ್ಟಿದಾರಭ್ಯ ಕಂಡಿರಲಿಲ್ಲ. ಅವನು ಇನ್ನು ಈ ಬೀದಿಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತಾಯಿತು. ಸಂಜೆ ಮನೆಗೆ ಬರುತ್ತಾನೆ, ಉಪ್ಪಿನ ನೀರೂ ಕಾಯಿಸಿ ಇಡುತ್ತಾನೆ, ಒಂದು ಮಾತೂ ಆಡುವುದಿಲ್ಲ. ಆ ನೀರಿಗೆ ಕಾಲಿಡುವ ಮುಖ ತನಗೆಲ್ಲಿದೆ?

ಎದ್ದಳು. ಬರಿಗಾಲಿನಲ್ಲಿ ಮೇಜಿನವರೆಗೆ ಹೋಗಿ ಮೈಕು ತೆಗೆದುಕೊಂಡಳು.

"ಅಪ್ಪಾ, ಹೋಗ್ಬೇಡ."

ಬೀದಿಯಲ್ಲಿ ಎಷ್ಟು ಅಪ್ಪಂದಿರಿದ್ದರೋ, ಅಷ್ಟೂ ಜನ ತಿರುಗಿದರು.

"ಕಂಬದ ಹತ್ರ ಇರೋ ನೀನೇ ಅಪ್ಪ. ನಾನೀಗ ಹೇಳಿದ್ದು ಸುಳ್ಳು. ನಿನ್ನ ಚಪ್ಪಲಿ ನನ್ನ ಕಾಲು ಕೆಡಿಸಿಲ್ಲ. ಕೆಡಿಸಿದ್ದು ಈ ಅಂಗಡಿ ಬೂಟು. ದಿನಕ್ಕೆ ಹನ್ನೊಂದು ಗಂಟೆ ನಿಲ್ಲಿಸ್ತಾರೆ, ಕೂರೋಕೆ ಬಿಡಲ್ಲ. ಎಲ್ಲಾ ಕಾಲಿಗೂ ಅದೇ ಚೂಪು ಮೂತಿ..."

ಮೇಲ್ವಿಚಾರಕ ತಂತಿ ಕಿತ್ತ. "ಬಾಯಿ ಮುಚ್ಚೇ, ಮುಂಡೆ!"

ಅವಳು ಸತ್ತ ಮೈಕನ್ನು ಹಿಡಿದುಕೊಂಡೇ ಬಾಗಿಲಿಗೆ ಬಂದಳು. ರಸ್ತೆಯ ಆಚೆ ಅಪ್ಪ ಚೀಲ ಹೆಗಲಿಗೇರಿಸಿ ನಿಂತಿದ್ದ. ಅವನ ಕಣ್ಣು ಅವಳ ಮುಖದ ಮೇಲಿರಲಿಲ್ಲ, ಕಾಲಿನ ಮೇಲಿತ್ತು.

"ಎಷ್ಟನೇ ನಂಬರು ಹಾಕಿದ್ದೀಯೇ?" ಎಂದು ಅಲ್ಲಿಂದಲೇ ಕೂಗಿದ.

"ಆರು, ಅಪ್ಪ!"

"ನಿಂದು ಎಂಟು ಕಣೇ, ಮೂಳಿ! ಎಂಟು! ಅಷ್ಟು ದಿನ ಬಾಯಲ್ಲಿ ಏನಿಟ್ಕೊಂಡಿದ್ದೆ?"

ಮುದುಕನ ದನಿ ಒಡೆದುಹೋಗಿತ್ತು. ಒಂದು ಸೈಕಲ್ಲು ನಿಂತಿತು. ಒಳಗೆ ಗೋಡೆಗೆ ಒರಗಿದ್ದ ಕೆಲಸದ ಹೆಂಗಸರು ಒಬ್ಬರ ಕಾಲನ್ನೊಬ್ಬರು ನೋಡಿಕೊಂಡರು. ಟೀ ಲೋಟ ಹಿಡಿದುಕೊಂಡೇ ಯಜಮಾನ ಜನರನ್ನು ತಳ್ಳಿಕೊಂಡು ಬಾಗಿಲಿಗೆ ಬಂದ.

"ಏನಿದು ರಂಪ? ಯಾವನೇ ಅವನು, ನಮ್ಮ ಬಾಗಿಲೆದುರು ನಿಂತು ಕೂಗೋನು?"

ಅವಳ ಕೆನ್ನೆ ಉರಿಯುತ್ತಿತ್ತು. ನಾಚಿಕೆ ಇನ್ನೂ ಅಲ್ಲೇ ಇತ್ತು, ಹಿಮ್ಮಡಿಯ ಮೊಳೆಯೂ ಇತ್ತು. ಬಾಗಿಲ ಮೆಟ್ಟಿಲು ಇಳಿದು ಬಿಸಿಲಿಗೆ ಕಾದ ರಸ್ತೆಗೆ ಕಾಲಿಟ್ಟಳು. ಆಮೇಲೆ ತಿರುಗಿ ಹೇಳಿದಳು.

"ನಮ್ಮಪ್ಪ. ಚಪ್ಪಲಿ ಹೊಲಿಯೋನು."